ಕ್ರೀಡಾಪಟು ವಿದ್ಯಾರ್ಥಿನಿಯರಿಗೂ ಅವರ ಶಿಕ್ಷಕರಿಗೂ ಕಾಯಿದೆಯ ಆಶ್ರಯ

ಹೆಣ್ಣುಮಕ್ಕಳು ಬಯಲಿಗಿಳಿದು ಚೆಂಡಾಡುವುದನ್ನು ಕಂಡು ಹಿರಿಯರು ಮೂಗಿನ ಮೇಲೆ ಬೆರಳಿಡುತ್ತಿದ್ದ ಕಾಲವು ನಮ್ಮ ನಾಡಿನಲ್ಲಿ ತೀರ ಹಳೆಯದೇನೂ ಅಲ್ಲ. ಆ ಸಂಕೋಚವನ್ನು ಬಿಡಿಸುವ ಕೆಲಸದಲ್ಲಿ ಮಿಶನ್ ಶಾಲೆಗಳಿಗೂ ಕ್ರೈಸ್ತ ಸಂಘಗಳಿಗೂ ಒಂದು ಪಾಲು ಸಲ್ಲತಕ್ಕದ್ದು. ಬಾಸ್ಕೆಟ್‌ಬಾಲ್ ಆಟವು ಹುಟ್ಟಿದ್ದೇ ೧೮೯೧ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ, ಕ್ರೈಸ್ತ ತರುಣರ ಸಂಘದ ತರಬೇತಿ ಶಾಲೆಯೊಂದರ ಉಪಾಧ್ಯಾಯರಾಗಿದ್ದ ಜೇಮ್ಸ್ ನೇಸ್ಮಿತ್ ಎಂಬವರಿಂದ. ಅದೇ ಸಂಘದ ಹ್ಯಾರಿ ಕ್ರೋ ಬಕ್ ಎಂಬವರು ೧೯೨೦ರಲ್ಲಿ ಮದರಾಸಿನಲ್ಲಿ ವ್ಯಾಯಾಮ ಶಿಕ್ಷಕರಿಗಾಗಿ ಒಂದು ಶಾಲೆಯನ್ನು ತೆರೆದರು. ಇಂದು ಹುಡುಗಿಯರ ತಂಡವೊಂದು ಜಿಲ್ಲಾ ಪಂದ್ಯದಲ್ಲಿ ಗೆದ್ದು ಬಂದರೆ ಊರಿಗೆ ಊರೇ ಹಿಗ್ಗುತ್ತದೆ. ಹಿಗ್ಗುವವರೊಡನೆ ಹಕ್ಕು ಸಾಧಿಸುವವರೂ ಬರುತ್ತಾರೆಂಬುದು ಅಷ್ಟಾಗಿ ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ಆ ವಿಷಯವನ್ನೇ ಇಲ್ಲಿ ವಾಚಕರ ಮುಂದಿಡಲು ಯತ್ನಿಸುವೆವು.

ಆಡುವ ಹುಡುಗಿಯ ಮೇಲೆ ಬೀಳುವ ಹೊರಗಿನ ಒತ್ತಡವು ಒಂದೇ ಬಗೆಯದಲ್ಲ. ಕಾಲು ಉಳುಕಿದ್ದರೂ ಓಡೆನ್ನುವ ಮನೆಯವರುಂಟು; ಹುಟ್ಟಿದ ದಿನಾಂಕವನ್ನು ಒಂದೆರಡು ವರ್ಷ ಮುಂದಕ್ಕೆ ತಳ್ಳಿ ಬರೆಯಿಸೆನ್ನುವ ಹಿತೈಷಿಗಳುಂಟು; ಕಟ್ಟಡಕ್ಕೆ ದೇಣಿಗೆ ಕೊಟ್ಟ ಬಲದ ಮೇಲೆ ತನ್ನ ಮಗಳನ್ನು ತಂಡದಲ್ಲಿ ಸೇರಿಸಲೇಬೇಕೆಂದು ವ್ಯಾಯಾಮ ಶಿಕ್ಷಕಿಯ ಮುಂದೆ ಕುಳಿತುಕೊಳ್ಳುವ ಗೃಹಸ್ಥರುಂಟು. ಇವುಗಳಲ್ಲಿ ಬಹುಪಾಲು ಮುಖ್ಯೋಪಾಧ್ಯಾಯಿನಿಯ ಒಂದು ಗಟ್ಟಿಮಾತಿನಿಂದ ಪರಿಹಾರವಾಗತಕ್ಕವು; ಕೋರ್ಟಿನ ಬಾಗಿಲವರೆಗೆ ಹೋಗಬೇಕಾದುದಿಲ್ಲ. ಆದರೆ ತಂಡಕ್ಕೆ ಆರಿಸುವ ಅಧಿಕಾರವೂ ಊರನ್ನಾಳುವ ಅಧಿಕಾರವೂ ಒಂದೇ ಕೈಯಲ್ಲಿದ್ದು, ಆ ಕೈ ದುಷ್ಟವಾದರೆ ಏನು ಗತಿ? ಈ ಪ್ರಶ್ನೆಗೆ ನಮ್ಮ ದೇಶವು ಉತ್ತರ ಕಂಡುಕೊಂಡದ್ದು ಒಬ್ಬ ಬಾಲಕಿಯ ಪ್ರಾಣವನ್ನು ತೆತ್ತ ಮೇಲೆ.

೧೯೯೦ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಹರಿಯಾಣದ ಪಂಚಕುಲ ಪಟ್ಟಣದಲ್ಲಿ ಟೆನಿಸ್ ಕಲಿಯುತ್ತಿದ್ದ ಹದಿನಾಲ್ಕು ವಯಸ್ಸಿನ ವಿದ್ಯಾರ್ಥಿನಿಯೊಬ್ಬಳನ್ನು ಆ ರಾಜ್ಯದ ಟೆನಿಸ್ ಸಂಘದ ಅಧ್ಯಕ್ಷನು ತನ್ನ ಕಚೇರಿಗೆ ಕರೆಯಿಸಿಕೊಂಡು ಅವಳ ಮಾನಕ್ಕೆ ಕೈಯಿಕ್ಕಿದನು. ಅವನೇ ಪೊಲೀಸ್ ಇಲಾಖೆಯಲ್ಲಿ ಅತಿ ಹಿರಿಯ ಅಧಿಕಾರಿಯೂ ಆಗಿದ್ದನು. ಸಂಗಡ ಬಂದಿದ್ದ ಗೆಳತಿಯು ಅದನ್ನು ಕಣ್ಣಾರೆ ಕಂಡಳು. ಕೆಲವೇ ದಿನಗಳಲ್ಲಿ ಹೆತ್ತವರೂ ನೆರೆಹೊರೆಯವರೂ ಕೂಡಿ ಸರಕಾರಕ್ಕೆ ಮನವಿ ಕೊಟ್ಟರು. ರಾಜ್ಯದ ಪೊಲೀಸ್ ಮುಖ್ಯಸ್ಥರು ತಾವೇ ವಿಚಾರಣೆ ನಡೆಸಿ, ಮೊಕದ್ದಮೆ ದಾಖಲಿಸಲು ಆಧಾರವುಂಟೆಂದು ಸೆಪ್ಟೆಂಬರಿನಲ್ಲಿಯೇ ವರದಿಯೊಪ್ಪಿಸಿದರು. ಆದರೂ ಪ್ರಥಮ ವರ್ತಮಾನ ವರದಿಯು ದಾಖಲಾದದ್ದು ೧೯೯೯ರ ಡಿಸೆಂಬರಿನಲ್ಲಿ, ಅದೂ ಉಚ್ಚ ನ್ಯಾಯಾಲಯದ ಆಜ್ಞೆಯ ಮೇರೆಗೆ ಕೇಂದ್ರ ತನಿಖಾದಳವು ಕೈಹಾಕಿದ ಮೇಲೆ. ಒಂಬತ್ತು ವರ್ಷಗಳಿಗೂ ಮೀರಿದ ಈ ಅವಧಿಯಲ್ಲಿ ಆ ಅಧಿಕಾರಿಯು ಬಡ್ತಿಯ ಮೇಲೆ ಬಡ್ತಿ ಪಡೆದು ರಾಜ್ಯದ ಪೊಲೀಸ್ ಮಹಾನಿರ್ದೇಶಕನೇ ಆಗಿಬಿಟ್ಟನು.

ಬಾಲಕಿಯ ಪಾಡು ಏನಾಯಿತು? ಅವಳ ಸೋದರನ ಮೇಲೆ ಕಾರು ಕಳವಿನ ಮೊಕದ್ದಮೆಗಳು ಒಂದರ ಹಿಂದೊಂದು ಹೂಡಲ್ಪಟ್ಟವು. ಅವನು ಸೆರೆಗೂ ಹೋದನು. ಮುಂದೆ ನ್ಯಾಯಾಲಯವು ಅವನನ್ನು ಬಿಡುಗಡೆ ಮಾಡಿತು. ಮತ್ತೊಂದು ಸಂಗತಿಯನ್ನು ಹೇಳಲು ನಮಗೆ ನಾಲಿಗೆ ಏಳದು; ಆದರೂ ಹೇಳಲೇಬೇಕು. ಫಿರ್ಯಾದು ಕೊಟ್ಟ ಮುಂದಿನ ತಿಂಗಳಲ್ಲಿಯೇ, ಶುಲ್ಕ ಬಾಕಿಯೆಂಬ ನೆವದಿಂದ, ಶಾಲೆಯು ಅವಳ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿತು. ಇತರ ಮಕ್ಕಳ ಶುಲ್ಕವೂ ತಡವಾಗಿದ್ದುಂಟು, ಅವರ ಹೆಸರು ಮಾತ್ರ ಹೋಗಲಿಲ್ಲವೆಂದು ೨೦೧೦ರಲ್ಲಿ ನಡೆದ ದಂಡಾಧಿಕಾರಿಯ ವಿಚಾರಣೆಯಲ್ಲಿ ಹೊರಬಿದ್ದಿತು. ಅದು ಕ್ರೈಸ್ತ ಸಂಸ್ಥೆಯೊಂದು ನಡೆಸುತ್ತಿದ್ದ ಶಾಲೆ. ಬಾಲಕಿಯು ಮನೆಯೊಳಗೇ ಉಳಿದಳು. ೧೯೯೩ರ ಡಿಸೆಂಬರಿನಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಳು. ಆಗ ಅವಳಿಗೆ ಹದಿನೇಳು ವರ್ಷ.

ಅವಳು ಹೋದ ಮೇಲೂ ಮೊಕದ್ದಮೆ ಸಾಯದೆ ಉಳಿದದ್ದು ಆ ಗೆಳತಿ ಮತ್ತು ಅವಳ ತಂದೆತಾಯಿಗಳ ಹಟದಿಂದ. ಅವರು ಪಟ್ಟ ಬವಣೆಯನ್ನು ಬರೆದರೆ ಅದೇ ಒಂದು ಗ್ರಂಥವಾದೀತು. ೨೦೦೯ರ ಡಿಸೆಂಬರಿನಲ್ಲಿ ಚಂಡೀಗಡದ ನ್ಯಾಯಾಲಯವು ಆರೋಪಿಗೆ ಆರು ತಿಂಗಳ ಸೆರೆವಾಸವನ್ನೂ ಒಂದು ಸಾವಿರ ರೂಪಾಯಿ ಜುಲ್ಮಾನೆಯನ್ನೂ ವಿಧಿಸಿತು. ದೇಶವೆಲ್ಲ ಕೋಪದಿಂದ ಕುದಿಯಿತು. ೨೦೧೦ರಲ್ಲಿ ಮೇಲಿನ ನ್ಯಾಯಾಲಯವು ಶಿಕ್ಷೆಯನ್ನು ಹದಿನೆಂಟು ತಿಂಗಳಿಗೆ ಏರಿಸಿತು. ೨೦೧೬ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅಪರಾಧವನ್ನು ಸ್ಥಿರಪಡಿಸಿ, ಅವನ ವೃದ್ಧಾಪ್ಯ ಮೊದಲಾದುವನ್ನು ನೋಡಿ, ಆಗಲೇ ಅನುಭವಿಸಿದ ಸೆರೆವಾಸವೇ ಸಾಕೆಂದಿತು. ಆಗಸ್ಟಿನ ಆ ದಿನದಿಂದ ಇಪ್ಪತ್ತಾರು ವರ್ಷಗಳು ಕಳೆದಿದ್ದವು.

೧೯೯೦ರಲ್ಲಿ ಆ ಬಾಲಕಿಗೆ ಕಾಯಿದೆಯಲ್ಲಿದ್ದ ಆಶ್ರಯವಾದರೂ ಎಷ್ಟು? ಭಾರತೀಯ ದಂಡಸಂಹಿತೆಯ ೩೫೪ನೆಯ ಕಲಮು ಒಂದು. ಅದರಲ್ಲಿ ಹೆಚ್ಚೆಂದರೆ ಎರಡು ವರ್ಷದ ಶಿಕ್ಷೆ, ಕಡಮೆಗೆ ಮಿತಿಯೇ ಇಲ್ಲ. ನೊಂದವಳು ಮಗುವೋ ದೊಡ್ಡವಳೋ, ಕೈಯೆತ್ತಿದವನು ದಾರಿಹೋಕನೋ ಅವಳ ಆಟದ ಭವಿಷ್ಯವನ್ನೇ ಅಂಗೈಯಲ್ಲಿಟ್ಟುಕೊಂಡವನೋ ಎಂಬ ಭೇದವನ್ನು ಆ ಕಲಮು ಎಣಿಸುತ್ತಿರಲಿಲ್ಲ. ಪೊಲೀಸರು ಫಿರ್ಯಾದನ್ನು ಬರೆದುಕೊಳ್ಳದಿದ್ದರೆ ಅವರನ್ನು ಶಿಕ್ಷಿಸಲು ಪ್ರತ್ಯೇಕ ಕಲಮಿರಲಿಲ್ಲ. ಅಂದರೆ ಕಾಯಿದೆಯು ಕೆಟ್ಟ ಕೃತ್ಯವನ್ನು ಕಂಡಿತ್ತು, ಅದರ ಬೆನ್ನಿಗೆ ಬರುವ ಒತ್ತಡವನ್ನು ಕಂಡಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈಚಿನ ಕಾಯಿದೆಗಳ ಬೆಲೆಯನ್ನು ಅಳೆಯಬೇಕಾದದ್ದು ಶಿಕ್ಷೆಯ ವರ್ಷಗಳಿಂದಲ್ಲ. ಹುಡುಗಿಯ ಸುತ್ತಲಿರುವವರ ಬಾಯನ್ನು ಮುಚ್ಚಿಸುವುದು ಎಷ್ಟು ಕಷ್ಟವಾಗಿದೆ ಎಂಬುದರಿಂದ.

ಇವುಗಳಲ್ಲಿ ಮುಖ್ಯವಾದುದು ೨೦೧೨ರ ಪೋಕ್ಸೊ ಕಾಯಿದೆ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯಿದೆ. ಹದಿನೆಂಟು ತುಂಬದವರೆಲ್ಲರೂ, ಹುಡುಗರಾಗಲಿ ಹುಡುಗಿಯರಾಗಲಿ, ಅದರ ಆಶ್ರಯಕ್ಕೆ ಬರುತ್ತಾರೆ. ವಿದ್ಯಾಸಂಸ್ಥೆಯ ಆಡಳಿತದವನೋ ನೌಕರನೋ ಮಗುವಿನ ನಂಬಿಕೆಗೆ ಪಾತ್ರನಾಗಿ ಅವಳ ಮೇಲೆ ಅಧಿಕಾರ ಹೊಂದಿದವನೋ ಅಪರಾಧವೆಸಗಿದರೆ ಅದು ಹೆಚ್ಚಿನ ಶಿಕ್ಷೆಗೆ ಅರ್ಹವಾದ ಗುರುತರ ಅಪರಾಧವಾಗುತ್ತದೆ. ಆಟ ಕಲಿಸುವವನೂ ತಂಡ ಆರಿಸುವವನೂ ಇಲ್ಲಿ ತಪ್ಪಿಸಿಕೊಳ್ಳುವಂತಿಲ್ಲ. ೧೯ನೆಯ ಕಲಮಿನಂತೆ, ಅಪರಾಧವು ನಡೆದದ್ದು ತಿಳಿದರೆ ಅಥವಾ ನಡೆದೀತೆಂಬ ಶಂಕೆಯುಂಟಾದರೆ, ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದವರಿಗೂ, ತಿಳಿಸಿದ್ದನ್ನು ಬರೆದುಕೊಳ್ಳದ ಪೊಲೀಸರಿಗೂ ೨೧ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆವಾಸ. ತನ್ನ ಕೈಕೆಳಗಿನ ನೌಕರನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಸಂಸ್ಥೆಯ ಮಾನ ಹೋದೀತೆಂಬ ಮಾತು ಇಲ್ಲಿ ಸಮರ್ಥನೆಯಾಗಲಾರದು. ಸದ್ಭಾವದಿಂದ ತಿಳಿಸಿದವರ ಮೇಲೆ ಸಿವಿಲ್ ದಾವೆಯನ್ನಾಗಲಿ ಕ್ರಿಮಿನಲ್ ಮೊಕದ್ದಮೆಯನ್ನಾಗಲಿ ಹೂಡಲಾಗದೆಂದೂ ಅದೇ ೧೯ನೆಯ ಕಲಮು ಅಭಯವನ್ನಿತ್ತಿದೆ. ಸುಳ್ಳು ಫಿರ್ಯಾದಿಗೆ ಶಿಕ್ಷೆಯುಂಟಾದರೂ ಮಗುವಿಗೆ ಮಾತ್ರ ಆ ಶಿಕ್ಷೆಯಿಲ್ಲ. ಮಗುವಿನ ಹೆಸರನ್ನೂ ಶಾಲೆಯನ್ನೂ ಪತ್ರಿಕೆಗಳು ಪ್ರಕಟಿಸಕೂಡದು. ಸಾಕ್ಷ್ಯ ಹೇಳುವಾಗ ಮಗುವು ಆರೋಪಿಯ ಮುಖ ನೋಡುವ ಪ್ರಸಂಗ ಬಾರದಂತೆ ನ್ಯಾಯಾಲಯವು ಏರ್ಪಾಡು ಮಾಡಬೇಕು. ವಿಚಾರಣೆಯು ಸಾಧ್ಯವಾದಮಟ್ಟಿಗೆ ಒಂದು ವರ್ಷದೊಳಗೆ ಮುಗಿಯಬೇಕು.

೨೦೧೩ರಲ್ಲಿ ಇನ್ನೆರಡು ಬದಲಾವಣೆಗಳಾದವು. ದಂಡಸಂಹಿತೆಯ ತಿದ್ದುಪಡಿಯಿಂದ ೩೫೪ನೆಯ ಕಲಮಿನ ಶಿಕ್ಷೆಯು ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷವಾಯಿತು; ಅಂತಹ ಫಿರ್ಯಾದನ್ನು ದಾಖಲಿಸದ ಸರಕಾರಿ ನೌಕರನಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸವು ಗೊತ್ತಾಯಿತು. ೨೦೨೪ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯಲ್ಲಿ ಇವು ೭೪ ಮತ್ತು ೧೯೯ನೆಯ ಕಲಮುಗಳಾಗಿ ಮುಂದುವರಿದಿವೆ. ಎರಡನೆಯದು, ಕೆಲಸದ ಸ್ಥಳದಲ್ಲಿ ಸ್ತ್ರೀಯರಿಗಾಗುವ ಲೈಂಗಿಕ ಕಿರುಕುಳವನ್ನು ತಡೆಯುವ ಕಾಯಿದೆ. ಕೆಲಸದ ಸ್ಥಳವೆಂದರೆ ಕಚೇರಿಯೊಂದೇ ಎಂದು ತಿಳಿಯಬಾರದು. ಕ್ರೀಡಾಸಂಸ್ಥೆ, ಕ್ರೀಡಾಂಗಣ, ಪಂದ್ಯ ನಡೆಯುವ ಸ್ಥಳ, ತರಬೇತಿಯ ವಸತಿಗೃಹ ಇವೆಲ್ಲವೂ ಅದರಲ್ಲಿ ಸೇರಿವೆಯೆಂದು ಕಾಯಿದೆಯೇ ಹೇಳುತ್ತದೆ. ಹತ್ತು ಜನ ನೌಕರರಿರುವ ಕಡೆ ಒಂದು ಆಂತರಿಕ ಸಮಿತಿಯಿರಬೇಕು. ಅಷ್ಟು ಜನರಿಲ್ಲದ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರಬಹುದು. ದೂರು ಮೂರು ತಿಂಗಳೊಳಗೆ ಬರಬೇಕು; ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳ ಅವಕಾಶವುಂಟು. ವ್ಯಾಯಾಮ ಶಿಕ್ಷಕಿಯರಿಗೂ ಇದು ಆಶ್ರಯವೆಂಬುದನ್ನು ಅನೇಕರು ಮರೆಯುತ್ತಾರೆ.

ಶಿಕ್ಷಕಿಯರ ಮಾತು ಬಂದುದರಿಂದ ಅದನ್ನೇ ಸ್ವಲ್ಪ ವಿಸ್ತರಿಸುವೆವು. ಆಟಗಾರ್ತಿಯ ಬೆನ್ನಿಗೆ ನಿಂತ ಶಿಕ್ಷಕರನ್ನು ಯಾರು ಕಾಯುವರು? ಈ ವಿಷಯದಲ್ಲಿ ನಾವು ಬಲ್ಲ ಅತ್ಯಂತ ಸ್ಪಷ್ಟವಾದ ತೀರ್ಪು ಅಮೆರಿಕದ್ದು. ಅದು ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಸಂಬಂಧವಾಗಿಯೇ ಹುಟ್ಟಿದ್ದು. ಅಲ್ಲಿ ೧೯೭೨ರಲ್ಲಿ ಒಂದು ಕಾಯಿದೆಯಾಯಿತು. ಅದರ ಒಂಬತ್ತನೆಯ ಅಧ್ಯಾಯದಂತೆ, ಕೇಂದ್ರ ಸರಕಾರದ ಧನಸಹಾಯ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಹೆಣ್ಣು ಗಂಡೆಂಬ ಭೇದವನ್ನೆಣಿಸಕೂಡದು. ಆ ವರ್ಷ ಅಲ್ಲಿನ ಹೈಸ್ಕೂಲುಗಳಲ್ಲಿ ಶಾಲಾತಂಡಗಳಿಗೆ ಆಡುತ್ತಿದ್ದ ಹುಡುಗಿಯರು ೩ ಲಕ್ಷಕ್ಕೂ ಕಡಮೆ. ಈ ಶತಮಾನದಲ್ಲಿ ಅವರ ಸಂಖ್ಯೆ ೩೦ ಲಕ್ಷವನ್ನು ಮೀರಿತು. ಕಾಯಿದೆಯ ಒಂದು ಸಾಲು ಇಷ್ಟು ಫಲ ಕೊಟ್ಟದ್ದನ್ನು ನಾವು ಬೇರೆಡೆ ಹೆಚ್ಚಾಗಿ ಕಂಡಿಲ್ಲ.

ಅಲಬಾಮಾ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ನಗರದ ಹೈಸ್ಕೂಲೊಂದರಲ್ಲಿ ರಾಡರಿಕ್ ಜಾಕ್ಸನ್ ಎಂಬ ಉಪಾಧ್ಯಾಯರು ೧೯೯೯ರಿಂದ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಶಿಕ್ಷಕರಾಗಿದ್ದರು. ಹಣದಲ್ಲಿಯೂ ಸಲಕರಣೆಗಳಲ್ಲಿಯೂ ಅಭ್ಯಾಸದ ಸ್ಥಳದಲ್ಲಿಯೂ ಹುಡುಗಿಯರಿಗೆ ಹುಡುಗರ ಸಮಾನವಾದ ಪಾಲು ಸಿಗುತ್ತಿಲ್ಲವೆಂದು ಅವರು ಕಂಡು, ೨೦೦೦ನೆಯ ಇಸವಿಯ ಡಿಸೆಂಬರಿನಿಂದ ಮೇಲಧಿಕಾರಿಗಳಿಗೆ ದೂರತೊಡಗಿದರು. ದೂರಿನ ಫಲವಾಗಿ ಹುಡುಗಿಯರಿಗೆ ಏನೂ ಸಿಗಲಿಲ್ಲ. ಜಾಕ್ಸನ್ನರ ಕೆಲಸ ಚೆನ್ನಾಗಿಲ್ಲವೆಂಬ ವರದಿಗಳು ಮಾತ್ರ ಬರತೊಡಗಿದವು. ೨೦೦೧ರ ಮೇ ತಿಂಗಳಲ್ಲಿ ಅವರನ್ನು ತಂಡದ ಶಿಕ್ಷಕತ್ವದಿಂದ ತೆಗೆದುಹಾಕಲಾಯಿತು. ಪಾಠ ಹೇಳುವ ಕೆಲಸವನ್ನು ಮಾತ್ರ ಅವರಿಗೆ ಉಳಿಸಿದರು. ಅವರು ಕೋರ್ಟಿಗೆ ಹೋದರು. ಕಾಯಿದೆಯು ಭೇದಕ್ಕೊಳಗಾದ ಹುಡುಗಿಯರಿಗೆ ರಕ್ಷಣೆಯೇ ಹೊರತು ಅವರ ಪರವಾಗಿ ಮಾತಾಡಿದ ಗಂಡಸಿಗಲ್ಲವೆಂದು ಕೆಳಗಿನ ಎರಡು ನ್ಯಾಯಾಲಯಗಳೂ ಅವರನ್ನು ಹಿಂದಕ್ಕೆ ಕಳುಹಿಸಿದವು.

೨೦೦೫ರ ಮಾರ್ಚ್ ೨೯ರಂದು ಆ ದೇಶದ ಸುಪ್ರೀಂ ಕೋರ್ಟು ಇದನ್ನು ತಿರುಗಿಸಿತು. ಒಂಬತ್ತು ನ್ಯಾಯಾಧೀಶರಲ್ಲಿ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಬಹುಮತದ ತೀರ್ಪನ್ನು ಬರೆದವರು ಆ ನ್ಯಾಯಾಲಯದ ಮೊದಲನೆಯ ಮಹಿಳಾ ನ್ಯಾಯಾಧೀಶರಾದ ಸಾಂಡ್ರಾ ಡೇ ಓಕಾನರ್. ಭೇದಭಾವವನ್ನು ಎತ್ತಿ ತೋರಿಸಿದವನ ಮೇಲೆ ಹಗೆ ತೀರಿಸಿಕೊಳ್ಳುವುದೂ ಭೇದಭಾವದ ಒಂದು ರೂಪವೇ ಎಂದು ಅವರು ನಿರ್ಣಯಿಸಿದರು. ಮಕ್ಕಳಿಗಾಗುವ ಅನ್ಯಾಯವು ಮಕ್ಕಳಿಗಿಂತ ಮೊದಲು ಶಿಕ್ಷಕರ ಕಣ್ಣಿಗೆ ಬೀಳುತ್ತದೆ. ಅವರು ಬಾಯಿಬಿಟ್ಟರೆ ಕೆಲಸ ಹೋಗುವುದಾದರೆ ಯಾರೂ ಬಾಯಿಬಿಡರು. ಆಗ ಕಾಯಿದೆಯು ಕಾಗದದ ಮೇಲಿನದಾಗಿಯೇ ಉಳಿಯುವುದು — ಇದು ಅವರ ವಿಚಾರಸರಣಿಯ ಸಾರ. ಇಲ್ಲಿ ಒಂದು ಸೂಕ್ಷ್ಮವುಂಟು. ಜಾಕ್ಸನ್ನರು ಹೇಳಿದ್ದೆಲ್ಲ ನಿಜವೆಂದು ಕೋರ್ಟು ತೀರ್ಮಾನಿಸಲಿಲ್ಲ. ಅದನ್ನು ರುಜುವಾತುಪಡಿಸುವ ಅವಕಾಶವನ್ನು ಅವರಿಗೆ ಕೊಟ್ಟಿತು, ಅಷ್ಟೆ. ಮರುವರ್ಷ ಉಭಯಪಕ್ಷಗಳೂ ರಾಜಿಯಾದುವು.

ನಮ್ಮ ರಾಜ್ಯದಲ್ಲಿ ಇಂತಹ ನೇರವಾದ ಮಾತು ಯಾವ ಕಾಯಿದೆಯಲ್ಲಿಯೂ ನಮಗೆ ಕಂಡುಬರುವುದಿಲ್ಲ. ಆದರೆ ೧೯೮೩ರ ಕರ್ನಾಟಕ ಶಿಕ್ಷಣ ಕಾಯಿದೆಯ ೯೨ನೆಯ ಕಲಮಿನಂತೆ ಖಾಸಗಿ ವಿದ್ಯಾಸಂಸ್ಥೆಯ ನೌಕರನನ್ನು ಆರೋಪ ತಿಳಿಸಿ ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ. ಅನ್ಯಾಯವಾಯಿತೆಂದು ತೋರಿದವನು ೯೪ನೆಯ ಕಲಮಿನ ಮೇರೆಗೆ ಶಿಕ್ಷಣ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಖಾಯಂ ವ್ಯಾಯಾಮ ಶಿಕ್ಷಕಿಗೆ ಇದು ಬಲವಾದ ಗುರಾಣಿಯೇ ಸರಿ. ಪಂದ್ಯಗಳ ಋತು ಬಂದಾಗ ಒಂದೆರಡು ತಿಂಗಳ ಮಟ್ಟಿಗೆ ಸಂಭಾವನೆಯ ಮೇಲೆ ಕರೆಯಿಸಿಕೊಳ್ಳುವ ತರಬೇತುದಾರರ ಪಾಡು ಬೇರೆ. ಮುಂದಿನ ವರ್ಷ ಅವರನ್ನು ಕರೆಯದೆ ಬಿಟ್ಟರೆ ಅದನ್ನು ವಜಾ ಎನ್ನುವವರಾರು? ದೇಣಿಗೆ ಕೊಟ್ಟ ಗೃಹಸ್ಥರ ಮಾತಿಗೆ ಎಲ್ಲರಿಗಿಂತ ಮೊದಲು ಅಂಜಬೇಕಾದವರು ಇವರೇ. ಆಡಳಿತ ಮಂಡಲಿಯವರು ಇವರಿಗೆ ಅವಧಿಯನ್ನೂ ತೆಗೆದುಹಾಕುವ ಕಾರಣಗಳನ್ನೂ ಬರೆದ ಒಂದು ಕರಾರುಪತ್ರವನ್ನಾದರೂ ಕೊಡುವುದು ಯುಕ್ತ.

ಮದ್ದು ಸೇವಿಸೆಂಬ ಒತ್ತಡದ ವಿಷಯವಾಗಿ ಎರಡೇ ಮಾತು. ೨೦೨೧ರಿಂದ ಜಾರಿಗೆ ಬಂದ ಜಾಗತಿಕ ಉದ್ದೀಪನಮದ್ದು ವಿರೋಧಿ ಸಂಹಿತೆಯು ಹದಿನಾರು ತುಂಬದವರನ್ನು ವಿಶೇಷ ರಕ್ಷಣೆಗೆ ಅರ್ಹರೆಂದು ಎಣಿಸುತ್ತದೆ. ಅಂತಹವರು ಸಿಕ್ಕಿಬಿದ್ದರೆ ಅವರ ಸುತ್ತಲಿನ ತರಬೇತುದಾರ, ವೈದ್ಯ ಮೊದಲಾದವರ ಮೇಲೆ ತಾನಾಗಿಯೇ ತನಿಖೆ ನಡೆಯಬೇಕು. ಮಗುವಿಗೆ ಮದ್ದು ತಂದುಕೊಟ್ಟ ಕೈ ಯಾವುದೆಂದು ಹುಡುಕಲೇಬೇಕು. ವರ್ತಮಾನ ಕೊಟ್ಟವರನ್ನು ಬೆದರಿಸುವುದೂ ಆ ಸಂಹಿತೆಯಲ್ಲಿ ಪ್ರತ್ಯೇಕ ಅಪರಾಧವಾಗಿದೆ.

ಇಷ್ಟೆಲ್ಲ ಕಾಯಿದೆಗಳಾದ ಮೇಲೆ ಒತ್ತಡವು ಅಡಗಿತೆ? ೨೦೨೩ರ ಜನವರಿಯಲ್ಲಿಯೂ ಮತ್ತೆ ಏಪ್ರಿಲಿನಲ್ಲಿಯೂ ದೇಶಕ್ಕೆ ಪದಕ ತಂದ ಕುಸ್ತಿಪಟುಗಳು ತಮ್ಮ ಒಕ್ಕೂಟದ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕುಳಿತದ್ದನ್ನು ಎಲ್ಲರೂ ಬಲ್ಲರು. ಫಿರ್ಯಾದನ್ನು ದಾಖಲಿಸುವುದು ಪೊಲೀಸರ ಕಡ್ಡಾಯ ಕರ್ತವ್ಯವೆಂದು ಸುಪ್ರೀಂ ಕೋರ್ಟು ೨೦೧೩ರಲ್ಲಿಯೇ ಸಾರಿತ್ತು. ಆದರೂ ಅವರ ಫಿರ್ಯಾದು ದಾಖಲಾದದ್ದು ಅವರು ಅದೇ ಸುಪ್ರೀಂ ಕೋರ್ಟಿನ ಮೊರೆಹೊಕ್ಕ ಮೇಲೆ, ಏಪ್ರಿಲ್ ೨೮ರಂದು. ಅಧ್ಯಕ್ಷರು ಆರೋಪಗಳನ್ನು ಅಲ್ಲಗಳೆದರು. ಪೋಕ್ಸೊ ಮೊಕದ್ದಮೆಯು ರದ್ದತಿ ವರದಿಯನ್ನು ಅಂಗೀಕರಿಸುವುದರೊಂದಿಗೆ ೨೦೨೫ರ ಮೇ ತಿಂಗಳಲ್ಲಿ ಮುಗಿಯಿತು. ವಯಸ್ಕ ಕುಸ್ತಿಪಟುಗಳ ಮೊಕದ್ದಮೆಯಲ್ಲಿ ೨೦೨೪ರ ಮೇ ತಿಂಗಳಲ್ಲಿ ದೋಷಾರೋಪಣೆಯಾಯಿತು. ಸತ್ಯಾಸತ್ಯವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ಒಲಿಂಪಿಕ್ ಪದಕ ಗೆದ್ದವರಿಗೇ ಠಾಣೆಯ ಬಾಗಿಲು ಇಷ್ಟು ಬಿಗಿಯಾಗಿದ್ದರೆ ಹಳ್ಳಿಯ ಹೈಸ್ಕೂಲಿನ ಹುಡುಗಿಗೆ ಹೇಗಿದ್ದೀತೆಂಬುದಷ್ಟೇ ನಮ್ಮ ಪ್ರಶ್ನೆ. ೨೦೨೫ರ ಆಗಸ್ಟಿನಲ್ಲಿ ಆದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯು ಸುರಕ್ಷಿತ ಕ್ರೀಡೆಯ ನೀತಿ, ಕುಂದುಕೊರತೆಗಳ ಪರಿಹಾರ, ರಾಷ್ಟ್ರೀಯ ಕ್ರೀಡಾ ನ್ಯಾಯಾಧಿಕರಣ ಮೊದಲಾದುವನ್ನು ತಂದಿದೆ. ಒಳ್ಳೆಯದೇ. ಆದರೆ ಅದರ ದೃಷ್ಟಿ ರಾಷ್ಟ್ರೀಯ ಸಂಸ್ಥೆಗಳ ಮೇಲಿದೆ; ನಮ್ಮ ತಾಲೂಕಿನ ಥ್ರೋಬಾಲ್ ಪಂದ್ಯದವರೆಗೆ ಅದು ಇಳಿದು ಬರಲು ಕಾಲ ಹಿಡಿದೀತು.

ಆದುದರಿಂದ ಮಾತು ಮತ್ತೆ ಶಾಲೆಯ ಬಾಗಿಲಿಗೇ ಬರುತ್ತದೆ. ಪಂಚಕುಲದ ಬಾಲಕಿಯ ಹೆಸರನ್ನು ಹೊಡೆದಂತೆ ಇಂದೂ ಒಬ್ಬಳ ಹೆಸರನ್ನು ಹೊಡೆಯಬಹುದೆ? ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯ ೧೬ನೆಯ ಕಲಮು ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕಕೂಡದೆನ್ನುತ್ತದೆ. ಒಂಬತ್ತು, ಹತ್ತನೆಯ ತರಗತಿಗಳ ಹುಡುಗಿಗೆ, ಅಂದರೆ ತಂಡದಲ್ಲಿ ಹೆಚ್ಚಾಗಿ ಆಡುವವಳಿಗೆ, ಆ ರಕ್ಷಣೆಯಿಲ್ಲ. ಅದಲ್ಲದೆ, ಅಲ್ಪಸಂಖ್ಯಾತರು ನಡೆಸುವ ಶಾಲೆಗಳಿಗೆ ಈ ಕಾಯಿದೆಯೇ ಅನ್ವಯಿಸದೆಂದು ಸುಪ್ರೀಂ ಕೋರ್ಟು ೨೦೧೪ರಲ್ಲಿ ತೀರ್ಪಿತ್ತಿತು. ಅದನ್ನು ಪುನಃ ಪರಿಶೀಲಿಸಬೇಕೆಂದು ಅದೇ ಕೋರ್ಟಿನ ಇನ್ನೊಂದು ಪೀಠವು ೨೦೨೫ರ ಸೆಪ್ಟೆಂಬರಿನಲ್ಲಿ ಅಭಿಪ್ರಾಯಪಟ್ಟಿದೆ. ಮಿಶನ್ ಶಾಲೆಗಳಿಗೆ ದೊರೆತ ಈ ಸ್ವಾತಂತ್ರ್ಯವು ಹುಡುಗಿಯನ್ನು ಹೊರಹಾಕಲು ನೆರವಾಗಬಾರದಾದರೆ, ತಡೆಯನ್ನು ಶಾಲೆಯು ತಾನೇ ಹಾಕಿಕೊಳ್ಳಬೇಕು.

ಅದಕ್ಕೆ ಸರಕಾರದ ಅಪ್ಪಣೆ ಬೇಕಿಲ್ಲ. ವಿದ್ಯಾರ್ಥಿನಿಯೊಬ್ಬಳ ಫಿರ್ಯಾದು ವಿಚಾರಣೆಯಲ್ಲಿರುವಷ್ಟು ಕಾಲ, ಶುಲ್ಕಬಾಕಿ, ಹಾಜರಿ, ನಡತೆ ಮುಂತಾದ ಯಾವ ಕಾರಣದಿಂದಲೂ ಅವಳ ಹೆಸರನ್ನಾಗಲಿ ಅವಳ ಪರವಾಗಿ ಸಾಕ್ಷಿ ಹೇಳುವ ಗೆಳತಿಯ ಹೆಸರನ್ನಾಗಲಿ ತೆಗೆಯಬಾರದೆಂದೂ, ಅವರ ಪರವಾಗಿ ವರದಿ ಕೊಟ್ಟ ಶಿಕ್ಷಕಿಯನ್ನು ತಂಡದಿಂದ ಬಿಡಿಸಬಾರದೆಂದೂ ಆಡಳಿತ ಮಂಡಲಿಯು ನಿಯಮ ಮಾಡಿ ಪ್ರವೇಶಪತ್ರದ ಹಿಂಬದಿಯಲ್ಲಿ ಅಚ್ಚು ಹಾಕಿಸಬಹುದು. ಹೊರ ಊರಿನ ಪಂದ್ಯಗಳಿಗೆ ತಂಡದೊಡನೆ ಒಬ್ಬ ಉಪಾಧ್ಯಾಯಿನಿಯು ಹೋಗತಕ್ಕದ್ದೆಂದೂ, ತಂಡ ಆರಿಸುವ ಯಾವ ಅಧಿಕಾರಿಯೂ ಹುಡುಗಿಯನ್ನು ಒಂಟಿಯಾಗಿ ಕರೆಯಿಸಿಕೊಳ್ಳಬಾರದೆಂದೂ ಅದರಲ್ಲಿಯೇ ಸೇರಿಸಬಹುದು. ಕೆಳಗೆ ಮಕ್ಕಳ ಸಹಾಯವಾಣಿಯ ೧೦೯೮ ಎಂಬ ಸಂಖ್ಯೆಯನ್ನೂ, ಶಾಲೆಯ ಸಮಿತಿಯ ಅಧ್ಯಕ್ಷೆ ಯಾರೆಂಬುದನ್ನೂ ದೊಡ್ಡ ಅಕ್ಷರಗಳಲ್ಲಿ ಬರೆಯಿಸತಕ್ಕದ್ದು. ಬರುವ ಜೂನ್ ತಿಂಗಳ ಪ್ರವೇಶಕ್ಕೆ ಮುಂಚೆ ಇದನ್ನು ಮಂಡಲಿಯ ಸಭೆಯಲ್ಲಿಡಬೇಕೆಂದು ಅರಿಕೆ ಮಾಡಿಕೊಳ್ಳುವೆವು.